ಟೋಕಿಯೋ ಟ್ರೇನಲ್ಲಿ ನಿಜವಾಗ್ಲೂ ಜನರನ್ನ ಒಳಗೆ ತಳ್ತಾರಾ? ದಿನಾ ಓಡಾಡೋದು ಹೇಗಿರುತ್ತೆ?

ನಿಮ್ಮ ಪ್ರಶ್ನೆ ಓದಿದೆ. ಆನ್‌ಸೈಟ್ ಮೇಲೆ ಟೋಕಿಯೋಗೆ ಬರ್ತಾ ಇದೀರ, ಹೆಂಡ್ತಿ ಮತ್ತೆ ಪುಟ್ಟ ಮಗು ಆಮೇಲೆ ಬರ್ತಾರೆ, ಯೂಟ್ಯೂಬಲ್ಲಿ ಬಿಳಿ ಗ್ಲೌಸ್ ಹಾಕ್ಕೊಂಡು ಜನರನ್ನ ಬೋಗಿಗೆ ತುರುಕೋ ವಿಡಿಯೋ ನೋಡಿ ಗಾಬರಿ ಆಗಿದೆ, ಇನ್ನೊಂದು ಕಡೆ ಫ್ರೆಂಡ್ಸೆಲ್ಲ "ಅಯ್ಯೋ ಜಪಾನ್ ಅಂದ್ರೆ ಸ್ವರ್ಗ, ಅವ್ರಿಗೆ ಶಿಸ್ತು ರಕ್ತದಲ್ಲೇ ಬಂದಿರುತ್ತೆ" ಅಂತಿದಾರೆ, ಯಾವ್ದನ್ನ ನಂಬ್ಲಿ ಅಂತ ಕೇಳಿದೀರ. ಎರಡನ್ನೂ ಪೂರ್ತಿ ನಂಬ್ಬೇಡಿ. ನಾನಿರೋದು ನಿಶಿ-ಕಸಾಯ್‌ಲಿ. ಎದೊಗಾವಾ ವಾರ್ಡಿನ ಈ ಏರಿಯಾಗೆ ವೈಟುಕೆ, ಅಂದ್ರೆ 2000ನೇ ಇಸವಿ ಕಂಪ್ಯೂಟರ್ ತೊಂದರೆ ಟೈಮಿಂದ ನಮ್ಮ ಐಟಿ ಜನ ಬಂದು ಸೇರ್ಕೊಂಡಿದಾರೆ, ತೊಗರಿಬೇಳೆ ಕರಿಬೇವು ಎಲ್ಲ ಸಿಗುತ್ತೆ, ನೀವೂ ಬಹುಶಃ ಇಲ್ಲೇ ಮನೆ ಹುಡುಕ್ತೀರ. ಇಲ್ಲಿಂದ ತೋಜಾಯ್ ಅನ್ನೋ ಸಬ್‌ವೇ ಲೈನ್ ಹಿಡಿದು ಓತೆಮಾಚಿಗೆ ಆಫೀಸಿಗೆ ಹೋಗೋದು ನನ್ನ ದಿನಚರಿ, ಹಾಗಾಗಿ ನಾನು ಹೇಳೋದು ಈ ದಾರಿ ಕಂಡಷ್ಟು.

ಮೊದ್ಲು ತಳ್ಳೋ ವಿಷ್ಯ. ಹೌದು, ತಳ್ತಾ ಇದ್ರು. 1950ರ ದಶಕದಲ್ಲಿ ಶಿಂಜುಕು ಸ್ಟೇಷನ್ನಲ್ಲಿ ಕಾಲೇಜು ಹುಡುಗ್ರನ್ನ ಪಾರ್ಟ್‌ಟೈಮಿಗೆ ಇಟ್ಕೊಂಡು ಈ ಕೆಲ್ಸ ಮಾಡ್ಸಿದಾರೆ. ನೀವು ನೋಡಿರೋ ವಿಡಿಯೋಗಳಲ್ಲಿ ಎಷ್ಟೋ ಹಳೇವು. ಈಗ ಸ್ಟೇಷನ್ ಸಿಬ್ಬಂದಿ ಮಾಡೋದು ಹೆಚ್ಚಾಗಿ ಬಾಗ್ಲಿಗೆ ಸಿಕ್ಕಾಕೊಂಡಿರೋ ಬ್ಯಾಗು, ಕೋಟಿನ ಚುಂಗು ಇಂಥದ್ದನ್ನ ಒಳಗೆ ಒತ್ತೋದು ಅಷ್ಟೇ. ಜನ ತಾವೇ ತಳ್ಕೊಂಡು ಹೋಗ್ತಾರೆ, ಅದಕ್ಕೊಂದು ಟೆಕ್ನಿಕ್ ಇದೆ, ಗಮನ್ಸಿ ನೋಡಿ: ಬೋಗಿ ಫುಲ್ ಆಗಿದ್ರೆ ಯಾರೂ ಮುಖ ಒಳಗಿಟ್ಟು ನುಗ್ಗಲ್ಲ, ಬಾಗ್ಲ ಹತ್ರ ಹೋಗಿ ತಿರುಗಿ ಬೆನ್ನು ಒಳಗೆ ಮಾಡಿ ನಿಂತ್ಕೋತಾರೆ, ಒಂದು ಕೈ ಬಾಗ್ಲ ಮೇಲಿನ ಚೌಕಟ್ಟಿಗೆ ಕೊಟ್ಟು ಮೆಲ್ಲಗೆ ಹಿಂದಕ್ಕೆ ಒತ್ತಿ ಒತ್ತಿ ಜಾಗ ಮಾಡ್ಕೋತಾರೆ. ಯಾರ ಮುಖಾನೂ ನೋಡೋ ಹಾಗಿಲ್ಲ, ಯಾರೂ ಬೈಯಲ್ಲ. ಬಾಗ್ಲು ಮೂಗಿನ ಮುಂದೆ ಬಂದು ಮುಚ್ಕೊಳ್ಳುತ್ತೆ, ಮುಂದಿನ ಸ್ಟೇಷನ್ವರೆಗೂ ನಿಮ್ಮ ಉಸಿರು ಗಾಜಿನ ಮೇಲೆ.

ಈ ರಶ್ ಅಳೆಯೋಕೆ ಇಲ್ಲಿನ ಸರ್ಕಾರ ಒಂದು ಲೆಕ್ಕ ಇಟ್ಟಿದೆ, ನಂಗೆ ಅದು ಭಾರಿ ಇಷ್ಟ. 100% ಅಂದ್ರೆ ಎಲ್ರಿಗೂ ಸೀಟೋ ಹಿಡ್ಕೊಳ್ಳೋಕೆ ಹಿಡಿಕೆಯೋ ಕಂಬಾನೋ ಸಿಗೋದು. 150% ಅಂದ್ರೆ ಪೇಪರ್ ಬಿಚ್ಚಿ ಆರಾಮಾಗಿ ಓದ್ಬೋದು, 180% ಅಂದ್ರೆ ಮಡಚ್ಕೊಂಡು ಕಷ್ಟಪಟ್ಟು ಓದ್ಬೋದು, 200% ಅಂದ್ರೆ ಮೈಗೆ ಮೈ ತಾಗಿ ಚೆನ್ನಾಗೇ ಒತ್ತಡ ಬೀಳುತ್ತೆ ಆದ್ರೂ ವಾರಪತ್ರಿಕೆ ಹೇಗೋ ಓದ್ಬೋದು, 250% ಅಂದ್ರೆ ಟ್ರೇನ್ ಅಲ್ಲಾಡಿದಾಗೆಲ್ಲ ಮೈ ವಾಲುತ್ತೆ, ಕೈ ಕೂಡ ಆಡ್ಸಕ್ಕಾಗಲ್ಲ. ಇದು ಜೋಕಲ್ಲ, ವರ್ಷಗಟ್ಲೆ ಇಲಾಖೆ ಬಳಸಿರೋ ವಿವರಣೆ. ನಮ್ಮ ತೋಜಾಯ್ ಲೈನಲ್ಲಿ ಕಿಬಾದಿಂದ ಮೊಂಜೆನ್-ನಕಚೋ ನಡುವೆ ಕೊರೋನಾಕ್ಕೆ ಮುಂಚೆ, 2019ರ ಹೊತ್ತಿಗೆ, 199% ಇತ್ತು, ದೇಶದಲ್ಲೇ ನಂಬರ್ ಒನ್. ವರ್ಕ್ ಫ್ರಮ್ ಹೋಮ್ ಬಂದ್ಮೇಲೆ ಇಳಿದಿದೆ, ಆದ್ರೆ ಬೆಳಿಗ್ಗೆ ಎಂಟರ ಸುತ್ತಮುತ್ತ ಹತ್ತಿದ್ರೆ ಇಳಿದಿದೆ ಅಂತ ನಿಮಗೆ ಯಾರಾದ್ರೂ ಹೇಳ್ಬೇಕು ಅಷ್ಟೇ. ಏಳಕ್ಕೆ ಮುಂಚೆ ಇಲ್ಲಾ ಒಂಬತ್ತೂವರೆ ಆದ್ಮೇಲೆ ಹೋದ್ರೆ ಬೇರೇನೇ ಊರು. ಫ್ಲೆಕ್ಸಿ ಟೈಮ್ ಕೊಡ್ತಾರಾ ಅಂತ ಆಫರ್ ಲೆಟರ್ ಸೈನ್ ಮಾಡೋ ಮುಂಚೆನೇ ಕೇಳಿ, ಸಂಬಳಕ್ಕಿಂತ ಅದು ಮುಖ್ಯ ಅಂತ ನಾನಂತೂ ಹೇಳ್ತೀನಿ.

ಈಗ ರಕ್ತದಲ್ಲಿರೋ ಶಿಸ್ತಿನ ಮಾತು. ಇದನ್ನ ಕೇಳಿದ್ರೆ ನಂಗೆ ಸ್ವಲ್ಪ ಸಿಟ್ಟೇ ಬರುತ್ತೆ, ಯಾಕಂದ್ರೆ ಹಾಗಂದ್ರೆ ನಮ್ಮ ರಕ್ತದಲ್ಲಿ ಇಲ್ಲ ಅಂತ ಆಯ್ತಲ್ಲ. 1850ರ ದಶಕದ ಕೊನೇಲಿ ನಾಗಸಾಕಿಗೆ ಬಂದಿದ್ದ ಡಚ್ ನೌಕಾಪಡೆ ಅಧಿಕಾರಿ ಕಾಟೆಂಡೈಕೆ, ಈ ಜನ ಹೇಳಿದ ಟೈಮಿಗೆ ಬರೋದೇ ಇಲ್ಲ ಅಂತ ಡೈರಿಲಿ ಬೈಕೊಂಡು ಬರೆದಿದಾನೆ. ಆಗ ಇಲ್ಲಿ ಹಗಲು ರಾತ್ರಿ ಎಷ್ಟುದ್ದ ಇರುತ್ತೋ ಅದಕ್ಕೆ ತಕ್ಕಂಗೆ ಗಂಟೆ ಉದ್ದಾನೂ ಬದಲಾಗ್ತಿತ್ತು. 1872ರಲ್ಲಿ ಶಿಂಬಾಶಿ-ಯೊಕೊಹಾಮಾ ರೈಲು ಶುರುವಾಯ್ತು, 1873ರಿಂದ ಇಡೀ ದೇಶ ಇಪ್ಪತ್ನಾಲ್ಕು ಗಂಟೆ ಲೆಕ್ಕಕ್ಕೆ ಬಂತು, ನಿಮಿಷ ಅನ್ನೋದು ಜನಕ್ಕೆ ಅಭ್ಯಾಸ ಆಗಿದ್ದು ರೈಲಿಂದ, ಸ್ಕೂಲಿಂದ, ಫ್ಯಾಕ್ಟರಿಯಿಂದ. ಕಲ್ತಿದ್ದು ಕಣ್ರೀ ಎಲ್ಲಾ. ಈಗ್ಲೂ ಪ್ಲಾಟ್‌ಫಾರ್ಮ್ ನೆಲ ನೋಡಿ, ಎಲ್ಲಿ ನಿಲ್ಬೇಕು ಅಂತ ಗೆರೆ ಎಳ್ದಿದಾರೆ, ಟ್ರೇನ್ ಕರೆಕ್ಟಾಗಿ ಆ ಗೆರೆ ಮುಂದೆನೇ ಬಾಗ್ಲು ತೆಗೆಯುತ್ತೆ, ದಿನಾ ಅಲ್ಲೇ ತೆಗೆಯುತ್ತೆ ಅಂತ ಗೊತ್ತಿರೋದ್ರಿಂದ ಜನ ಲೈನಲ್ಲಿ ನಿಲ್ತಾರೆ. ಮುಂದಿನ ಟ್ರೇನು ಎರಡು ಮೂರು ನಿಮಿಷದಲ್ಲಿ ಬರುತ್ತೆ ಅನ್ನೋ ನಂಬಿಕೆ ಇದ್ರೆ ಮೆಜೆಸ್ಟಿಕ್ಕಲ್ಲಿ ನಾವೂ ನಿಲ್ತೀವಿ, ನಮ್ಮ ಮೆಟ್ರೋದಲ್ಲಿ ಈಗ ನಿಲ್ತಾನೂ ಇದೀವಿ ತಕ್ಕಮಟ್ಟಿಗೆ.

ಗೆರೆ ಇಲ್ಲದ ಕಡೆ, ಅಥವಾ ಜನಕ್ಕೆ ರೂಲ್ ಇಷ್ಟ ಇಲ್ಲದ ಕಡೆ ಇವ್ರೂ ನಮ್ಮಂಗೇನೇ. ಎಸ್ಕಲೇಟರ್ ನೋಡಿ, ಟೋಕಿಯೋದಲ್ಲಿ ಎಡಕ್ಕೆ ನಿಂತು ಬಲಗಡೆ ನಡೆಯೋರಿಗೆ ಬಿಡ್ತಾರೆ, ಒಸಾಕಾದಲ್ಲಿ ಉಲ್ಟಾ. ನಡೀಬೇಡಿ ಡೇಂಜರ್ರು, ಎರಡೂ ಕಡೆ ನಿಂತ್ಕೊಳ್ಳಿ ಅಂತ ಪೋಸ್ಟರ್ ಮೇಲೆ ಪೋಸ್ಟರ್ ಹಾಕಿದಾರೆ, ಪಕ್ಕದ ಸೈತಾಮಾದಲ್ಲಿ 2021ರಿಂದ ಅದಕ್ಕೆ ಕಾನೂನೇ ಮಾಡಿದಾರೆ. ಆಫೀಸ್ ಟೈಮಲ್ಲಿ ನೀವು ಬಲಗಡೆ ಸುಮ್ನೆ ನಿಂತು ನೋಡಿ, ಹಿಂದಿನವ್ರು ಬಿಡೋ ನಿಟ್ಟುಸಿರು ಕೇಳ್ಸುತ್ತೆ.

ಟೈಮಿಗೆ ಕರೆಕ್ಟು ಅನ್ನೋದಕ್ಕೂ ಒಂದು ಬೆಲೆ ಇದೆ. 2017ರಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ 20 ಸೆಕೆಂಡ್ ಬೇಗ ಹೊರಟಿದ್ದಕ್ಕೆ ಕಂಪನಿ ಕ್ಷಮೆ ಕೇಳಿದ್ದು ವಾಟ್ಸಾಪಲ್ಲಿ ಎಲ್ರಿಗೂ ಬಂದಿರುತ್ತೆ. 2005ರ ಏಪ್ರಿಲ್ 25ರದ್ದು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ. ಒಸಾಕಾ ಹತ್ರ ಅಮಗಾಸಾಕಿಲಿ ಒಬ್ಬ 23 ವರ್ಷದ ಡ್ರೈವರ್, ಹಿಂದಿನ ಸ್ಟೇಷನ್ನಲ್ಲಿ ಗಾಡಿ ನಿಲ್ಬೇಕಾದ ಜಾಗ ದಾಟಿ ಮುಂದೆ ಹೋಗ್ಬಿಟ್ಟಿತ್ತು, ಒಂದೂವರೆ ನಿಮಿಷದ ಹತ್ರ ಲೇಟು, 70 ಕಿಲೋಮೀಟರ್ ಲಿಮಿಟ್ ಇರೋ ತಿರುವಲ್ಲಿ 116ರ ವೇಗದಲ್ಲಿ ಬಂದ, ಬೋಗಿಗಳು ಹಳಿ ತಪ್ಪಿ ಅಪಾರ್ಟ್‌ಮೆಂಟಿಗೆ ನುಗ್ಗಿದ್ವು, ಅವನೂ ಸೇರಿ 107 ಜನ ಹೋದ್ರು. ಲೇಟ್ ಮಾಡಿದ್ರೆ ಅವನ ಕಂಪನಿಲಿ ಡ್ರೈವರ್‌ಗಳಿಗೆ ಟ್ರೇನಿಂಗ್ ಅನ್ನೋ ಹೆಸ್ರಲ್ಲಿ ಶಿಕ್ಷೆ ಕೊಡ್ತಿದ್ರು, ಆ ಭಯ ಅವನ ತಲೇಲಿತ್ತು ಅಂತ ಆಮೇಲೆ ತನಿಖೆಲೂ ಬಂತು. ಅದಾದ್ಮೇಲೂ ಟ್ರೇನು ಕರೆಕ್ಟ್ ಟೈಮಿಗೆ ಬರುತ್ತೆ, ಬರ್ಲಿ ಸಂತೋಷ, ಆದ್ರೆ ಸ್ವರ್ಗ ಸ್ವರ್ಗ ಅನ್ನೋರು ಇದನ್ನೂ ತಿಳ್ಕೊಂಡಿರ್ಲಿ.

ಹಾಗಂತ ಟ್ರೇನ್ ಲೇಟೇ ಆಗಲ್ವಾ, ಆಗುತ್ತೆ, ವಾರದಲ್ಲಿ ಒಂದಿನ ಯಾವ್ದೋ ಲೈನಲ್ಲಿ ಏನೋ ಒಂದು ಇದ್ದೇ ಇರುತ್ತೆ. ಬೋರ್ಡಲ್ಲಿ "ಜಿನ್‌ಶಿನ್ ಜಿಕೊ" ಅಂತ ಬಂದ್ರೆ ಯಾರೋ ಟ್ರೇನಿಗೆ ಸಿಕ್ಕಿದಾರೆ ಅಂತ, ಎಷ್ಟೋ ಸಲ ಆತ್ಮಹತ್ಯೆ. ಸುಮಾರು ಒಂದು ಗಂಟೆ ಹೋಯ್ತು ಅಂತ ತಿಳ್ಕೊಳ್ಳಿ. ಯಾರೂ ಏನೂ ಮಾತಾಡಲ್ಲ, ಎಲ್ರೂ ಫೋನ್ ತೆಗೆದು ಬೇರೆ ರೂಟ್ ಹುಡುಕ್ತಾರೆ, ಮೊದ್ಲ ಸಲ ಅದನ್ನ ನೋಡಿದಾಗ ಮನಸ್ಸಿಗೆ ಒಂಥರಾ ಆಗುತ್ತೆ. 2009ರಲ್ಲಿ ಟೋಕಿಯೋ ಸುತ್ತೋ ಯಮನೋತೆ ಲೈನಿನ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮ್ ತುದಿಗೆ ನೀಲಿ ದೀಪ ಹಾಕಿದ್ದು ಮನಸ್ಸು ಶಾಂತ ಆಗ್ಲಿ ಅಂತ, ಈಗ ಪ್ಲಾಟ್‌ಫಾರ್ಮಿಗೇ ಬಾಗ್ಲು ಹಾಕ್ತಾ ಬರ್ತಿದಾರೆ, ಅದೇ ಸರಿ ಅಂತ ನನ್ನ ಅಭಿಪ್ರಾಯ. ಇಂಥ ಟೈಮಲ್ಲಿ ನಿಮಗೆ ಉಪಯೋಗ ಆಗೋ ವಿಷ್ಯ ಒಂದಿದೆ: ನಿಮ್ಮತ್ರ ತೇಕಿ, ಅಂದ್ರೆ ತಿಂಗಳ ಪಾಸು ಇದ್ರೆ ಬೇರೆ ಕಂಪನಿ ಲೈನಲ್ಲಿ ಸುತ್ಕೊಂಡು ಫ್ರೀಯಾಗಿ ಹೋಗೋಕೆ ಬಿಡ್ತಾರೆ, ಸುಮ್ನೆ ಸುಯಿಕಾ ಅನ್ನೋ ಟ್ರೇನ್ ಕಾರ್ಡಲ್ಲಿ ದುಡ್ಡು ಹಾಕ್ಕೊಂಡು ಟ್ಯಾಪ್ ಮಾಡಿ ಬಂದಿದ್ರೆ ಬಿಡಲ್ಲ. ಪಾಸಿನ ದುಡ್ಡು ಸಾಮಾನ್ಯವಾಗಿ ಆಫೀಸ್‌ನವ್ರೇ ಕೊಡ್ತಾರೆ, ಮಾಡಿಸ್ಕೊಳ್ಳಿ. ಲೇಟಾಗಿದ್ದಕ್ಕೆ ಸರ್ಟಿಫಿಕೇಟೂ ಸಿಗುತ್ತೆ, ಆನ್‌ಲೈನಲ್ಲೇ ತೆಗೀಬೋದು, ಬಾಸಿಗೆ ಕಳ್ಸಿದ್ರೆ ಮುಗೀತು.

ಬೋಗಿ ಒಳಗೆ ಪಿನ್ ಡ್ರಾಪ್ ಸೈಲೆನ್ಸು ಅಂತ ಎಲ್ರೂ ಹೊಗಳ್ತಾರಲ್ಲ, ಬೆಳಿಗ್ಗೆ ಅದು ಮರ್ಯಾದೆಗಿಂತ ಸುಸ್ತು ಕಣ್ರೀ. ನಿಂತ್ಕೊಂಡೇ ನಿದ್ದೆ ಮಾಡ್ತಾರೆ, ಅವರ ಸ್ಟೇಷನ್ ಬಂದಾಗ ಅದ್ಹೇಗೋ ಕಣ್ಣು ಬಿಟ್ಟು ಇಳೀತಾರೆ. ಶುಕ್ರವಾರ ರಾತ್ರಿ ಹನ್ನೊಂದರ ಟ್ರೇನ್ ಹತ್ತಿ, ಅದೇ ಸೂಟು ಬೂಟಿನ ಜನ ಕುಡಿದು ಜೋರಾಗಿ ನಗ್ತಾ, ವಾಸನೆ ಹೊಡೀತಾ, ಒಬ್ರ ಮೇಲೆ ಒಬ್ರು ವಾಲಿರ್ತಾರೆ, ಬೆಂಚ್ ಮೇಲೆ ಬ್ರೀಫ್‌ಕೇಸ್ ತಲೆಗಿಟ್ಕೊಂಡು ಮಲಗಿರ್ತಾರೆ. ನೀವು ಮಾತ್ರ ಊರಿಂದ ಅಮ್ಮ ಫೋನ್ ಮಾಡಿದ್ರೆ ಟ್ರೇನಲ್ಲಿ ಎತ್ಬೇಡಿ, ಮೆಸೇಜ್ ಹಾಕಿ. ಬ್ಯಾಕ್‌ಪ್ಯಾಕ್ ಎದೆಗೆ ಹಾಕ್ಕೊಳ್ಳಿ. ಬಾಗ್ಲ ಹತ್ರ ನಿಂತಿದ್ರೆ ಪ್ರತಿ ಸ್ಟೇಷನ್ನಲ್ಲೂ ಕೆಳಗಿಳಿದು ಪಕ್ಕಕ್ಕೆ ನಿಂತು ಇಳಿಯೋರಿಗೆ ದಾರಿ ಬಿಟ್ಟು ಮತ್ತೆ ಹತ್ತಿ, ನಿಮ್ಮ ಜಾಗ ಯಾರೂ ತಗೊಳ್ಳಲ್ಲ. ಇಷ್ಟು ಮಾಡಿದ್ರೆ ಸಾಕು.

ಭೂಕಂಪದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ, ಟ್ರೇನಲ್ಲಿದ್ದಾಗ ಬೋಗಿಲಿರೋ ಎಲ್ಲಾ ಫೋನೂ ಒಟ್ಟಿಗೆ ಕಿರುಚ್ಕೊಂಡ್ರೆ ಗಾಬರಿ ಬೀಳ್ಬೇಡಿ, ಏನಾದ್ರೂ ಹಿಡ್ಕೊಂಡು ನಿಂತ್ಕೊಳ್ಳಿ, ಗಾಡಿ ನಿಲ್ಲುತ್ತೆ, ಹಳಿ ಚೆಕ್ ಮಾಡಿ ಬಿಡ್ತಾರೆ.

ರಸ್ತೆ ಕಡೆ ಬಂದ್ರೆ, ಮೊದ್ಲು ಕಷ್ಟ ಆಗೋದು ಅಡ್ರೆಸ್ಸು. ಮೇನ್ ರೋಡು ಬಿಟ್ರೆ ಹೆಚ್ಚಿನ ರಸ್ತೆಗೆ ಹೆಸ್ರೇ ಇಲ್ಲ, ಏರಿಯಾ, ಅದ್ರೊಳಗೆ ಬ್ಲಾಕ್ ನಂಬರು, ಅದ್ರೊಳಗೆ ಮನೆ ನಂಬರು ಅಷ್ಟೇ. ಮ್ಯಾಪ್ ಕೈಕೊಟ್ರೆ ಮೂಲೇಲಿ ಕೋಬಾನ್ ಅಂತ ಪುಟ್ಟ ಪೊಲೀಸ್ ಚೌಕಿ ಇರುತ್ತೆ, ಒಳಗೆ ಹೋಗಿ ಕೇಳಿ, ಗೋಡೆ ಮೇಲಿನ ದೊಡ್ಡ ನಕ್ಷೆ ತೋರ್ಸಿ ಹೇಳ್ತಾರೆ. ಪರ್ಸ್ ಕಳೆದ್ರೂ ಅಲ್ಲೇ ಹೋಗೋದು, ಸಿಗೋ ಚಾನ್ಸ್ ಜಾಸ್ತಿನೇ. ಆದ್ರೆ ರೆಸಿಡೆನ್ಸ್ ಕಾರ್ಡ್ ಯಾವಾಗ್ಲೂ ಜೇಬಲ್ಲಿರ್ಲಿ, ಕಾನೂನು ಅದು, ಸೈಕಲಲ್ಲಿ ಹೋಗ್ತಿದ್ರೆ ನಿಲ್ಸಿ ಸೈಕಲ್ ಯಾರ್ದು ಅಂತ ರಿಜಿಸ್ಟ್ರೇಷನ್ ಸ್ಟಿಕರ್ ನೋಡೋದೂ ಉಂಟು, ನಮ್ಮ ಬಣ್ಣದವ್ರನ್ನ ಸ್ವಲ್ಪ ಜಾಸ್ತಿನೇ ನಿಲ್ಲಿಸ್ತಾರೆ ಅಂತ ನನಗನ್ಸುತ್ತೆ. ಸೈಕಲ್ ಸಿಕ್ಕ ಸಿಕ್ಕ ಕಡೆ ಬಿಟ್ರೆ ಎತ್ಕೊಂಡು ಹೋಗ್ತಾರೆ, ಬಿಡಿಸ್ಕೊಳ್ಳೋಕೆ ದುಡ್ಡು ಕಟ್ಬೇಕು. ಫೋನ್ ನೋಡ್ತಾ ಸೈಕಲ್ ಹೊಡೆದ್ರೆ 2024ರ ನವೆಂಬರಿಂದ ಆರು ತಿಂಗಳವರೆಗೆ ಜೈಲು ಇಲ್ಲಾ ಒಂದು ಲಕ್ಷ ಯೆನ್ನವರೆಗೆ ದಂಡ.

ಕಸದ ಬುಟ್ಟಿ ಹುಡುಕ್ಬೇಡಿ, ಇರಲ್ಲ. 1995ರಲ್ಲಿ ಸಬ್‌ವೇಲಿ ಸರಿನ್ ವಿಷಾನಿಲ ಬಿಟ್ಟ ಘಟನೆ ಆದ್ಮೇಲೆ ಬುಟ್ಟಿಗಳನ್ನ ತೆಗೀತಾ ಬಂದ್ರು. ಬಾಳೆಹಣ್ಣು ತಿಂದ್ರೆ ಸಿಪ್ಪೆ ಮನೆವರೆಗೂ ಬ್ಯಾಗಲ್ಲೇ ಬರ್ಬೇಕು. ಮನೆ ಕಸಕ್ಕೆ ದಿನ ದಿನಕ್ಕೊಂದು ಬಗೆ, ಬೆಳಿಗ್ಗೆ ಇಟ್ಟು ಮೇಲೆ ಬಲೆ ಸರಿಯಾಗಿ ಮುಚ್ಚಿ, ಇಲ್ಲಾಂದ್ರೆ ಕಾಗೆ ಬಂದು ರಸ್ತೆ ತುಂಬ ಹರಡಿರುತ್ತೆ, ಇಲ್ಲಿನ ಕಾಗೆ ನಮ್ಮೂರ ಕಾಗೆಗಿಂತ ದಪ್ಪ.

ಹೆಂಡ್ತಿ ಮಗು ವಿಷ್ಯ. ತೋಜಾಯ್ ಲೈನಲ್ಲಿ ಬೆಳಿಗ್ಗೆ ಊರೊಳಗೆ ಹೋಗೋ ಟ್ರೇನಲ್ಲಿ ಒಂದು ಬೋಗಿ ಹೆಂಗಸ್ರಿಗೆ ಮಾತ್ರ, ದಿನಪೂರ್ತಿ ಅಲ್ಲ, ಬೆಳಗಿನ ರಶ್ ಟೈಮಲ್ಲಿ. ಅದನ್ನ ಯಾಕೆ ಮಾಡ್ಬೇಕಾಯ್ತು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ, ಬೋಗಿಲಿ ಮೈಮುಟ್ಟೋ ಕಾಟ ಇಲ್ಲೂ ಇದೆ, ಸ್ಟೇಷನ್ ಗೋಡೆ ಮೇಲಿನ ಪೋಸ್ಟರ್‌ಗಳೇ ಹೇಳುತ್ವೆ. ಸ್ಟ್ರಾಲರ್ ಮಡಚ್ದೇನೇ ಟ್ರೇನಿಗೆ ಹತ್ತಿಸ್ಬೋದು, 2014ರಲ್ಲಿ ಸರ್ಕಾರಾನೇ ಸ್ಪಷ್ಟ ಮಾಡಿದೆ, ಆದ್ರೂ ರಶ್ ಟೈಮಲ್ಲಿ ಒಬ್ಬಿಬ್ರು ಮುಖ ಗಂಟಿಕ್ತಾರೆ, ತಲೆ ಕೆಡಿಸ್ಕೋಬೇಡಿ ಅನ್ನಿ. ಲಿಫ್ಟ್ ಎಲ್ಲಾ ಸ್ಟೇಷನ್ನಲ್ಲೂ ಸುಲಭಕ್ಕೆ ಸಿಗಲ್ಲ, ದೊಡ್ಡ ಸ್ಟೇಷನ್ನುಗಳಲ್ಲಿ ಒಂದು ಮೂಲೇಲಿರುತ್ತೆ. ಇನ್ನು ಮಗು ಸ್ಕೂಲಿಗೆ ಹೋಗೋ ವಯಸ್ಸಿಗೆ ಬಂದ್ಮೇಲೂ ನೀವಿಲ್ಲೇ ಇದ್ರೆ ಒಂದು ಸೌಂಡ್ ಕಿವಿಗೆ ಬೀಳುತ್ತೆ: ದೊಡ್ಡವ್ರು ಕಾರ್ಡ್ ಇಟ್ರೆ ಗೇಟು ಪಿಪ್ ಅನ್ನುತ್ತೆ, ಮಕ್ಕಳ ಕಾರ್ಡಿಗೆ ಮರಿಹಕ್ಕಿ ಥರ ಪಿಯೋ ಪಿಯೋ ಅನ್ನುತ್ತೆ. ಬೆನ್ನಿಗೆ ಹಳದಿ ಕವರಿನ ದೊಡ್ಡ ಬ್ಯಾಗ್ ಹಾಕ್ಕೊಂಡ ಒಂದನೇ ಕ್ಲಾಸ್ ಮಗು ಒಂದೇ ಬಂದು ಪಿಯೋ ಪಿಯೋ ಅನ್ನಿಸ್ಕೊಂಡು ಗೇಟ್ ದಾಟೋದನ್ನ ನೋಡಿದ್ರೆ ನಮ್ಮಂಥ ಅಪ್ಪ ಅಮ್ಮಂಗೆ ಎದೆ ಢವ ಢವ ಅನ್ನುತ್ತೆ. ನಾನು ನನ್ನ ಮಗಳನ್ನ ಇನ್ನೂ ಒಬ್ಳನ್ನೇ ಕಳ್ಸಿಲ್ಲ, ಅವ್ಳ ಕ್ಲಾಸಿನವ್ರೆಲ್ಲ ಹೋಗ್ತಾರೆ ಅಂತ ದಿನಾ ಜಗಳ.

ಕೊನೇದಾಗಿ ಮನೆ ಹುಡುಕೋವಾಗ ಬಾಡಿಗೆ, ಸ್ಟೇಷನ್ನಿಗೆ ಎಷ್ಟು ನಿಮಿಷ ಇದೆಲ್ಲ ಏಜೆಂಟ್ ಹೇಳ್ತಾನೆ, ಲಾಸ್ಟ್ ಟ್ರೇನ್ ಎಷ್ಟೊತ್ತಿಗೆ ಅಂತ ಹೇಳಲ್ಲ, ನೀವೇ ನೋಡ್ಕೊಳ್ಳಿ. ಈ ಊರಲ್ಲಿ ರಾತ್ರಿಯಿಡೀ ಟ್ರೇನ್ ಓಡಲ್ಲ, ಹನ್ನೆರಡು ದಾಟ್ತಾ ಇದ್ದಂಗೆ ಒಂದೊಂದೇ ಲೈನ್ ಮುಚ್ಚುತ್ತೆ, ಮತ್ತೆ ಶುರುವಾಗೋದು ಬೆಳಗಿನ ಜಾವ ಐದರ ಹತ್ರ. ನಿಶಿ-ಕಸಾಯ್‌ಲಿ ಇರೋದಾದ್ರೆ ರಾತ್ರಿ ಕೊನೇ ಟ್ರೇನುಗಳ ಬೋರ್ಡ್ ಸರಿಯಾಗಿ ಓದಿ, ಕೆಲವು ತೋಯೋಚೋವರೆಗೆ ಮಾತ್ರ ಹೋಗುತ್ವೆ, ಅಲ್ಲಿ ಇಳಿಸ್ಬಿಟ್ರೆ ಮನೆಗೆ ಇನ್ನೂ ಸುಮಾರು 4 ಕಿಲೋಮೀಟರ್, ಮಧ್ಯ ಅರಾಕಾವಾ ನದಿ, ಹತ್ತು ಗಂಟೆ ಆದ್ಮೇಲೆ ಟ್ಯಾಕ್ಸಿಗೆ 20% ಎಕ್ಸ್‌ಟ್ರಾ. ಆಫೀಸ್ ಪಾರ್ಟಿಲಿ ಯಾರಾದ್ರೂ ಇನ್ನೊಂದು ರೌಂಡ್ ಅಂದ್ರೆ ಲಾಸ್ಟ್ ಟ್ರೇನ್ ಅಂತ ಹೇಳಿ ಎದ್ದು ಬನ್ನಿ, ಆ ಕಾರಣಕ್ಕೆ ಮಾತ್ರ ಇಲ್ಲಿ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ.