ಪ್ರಶ್ನೆ: ನಮ್ಮ ಓಪನ್ ಸೋರ್ಸ್ ವೆಬ್ ಫ್ರೇಮ್‌ವರ್ಕ್‌ಗೆ ಜನ ಬರುತ್ತಿಲ್ಲ. ತಾನಾಗಿ ತಯಾರಾದ ಎಪಿಐ ಪಟ್ಟಿ (ಫಂಕ್ಷನ್‌ಗಳ ವಿವರ) ಇದೆ. ಚಾಟ್ ಗ್ರೂಪ್ ಶುರು ಮಾಡಬೇಕೋ, ಡಾಕ್ಯುಮೆಂಟೇಶನ್‌ಗೆ (ಡಾಕ್ಸ್, ಅಂದರೆ ಬಳಸುವ ಬಗೆಯ ವಿವರಣೆಗೆ) ಸಮಯ ಕೊಡಬೇಕೋ? ಡಾಕ್ಸ್ ಕನ್ನಡದಲ್ಲೂ ಬೇಕೇ?

ಉತ್ತರ: "ಡಾಕ್ಸ್ ವಿಕಿಯಲ್ಲಿದೆ, ಯಾರು ಬೇಕಾದರೂ ತಿದ್ದಬಹುದು, ಆದರೂ ಯಾರೂ ತಿದ್ದುತ್ತಿಲ್ಲ" ಅಂತ ಬರೆದಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ. ನಮ್ಮ ಪೈಥಾನ್ ಫ್ರೇಮ್‌ವರ್ಕ್ ಪೆಟ್ಟು ತಿಂದದ್ದೂ ಅದರಿಂದಲೇ.

ಆಗ ಪಿಪ್‌ನಲ್ಲಿ (ಪೈಥಾನ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಸಾಧನ) ಸಿಗುತ್ತಿದ್ದ ಆವೃತ್ತಿ 0.4. ಮೇನ್ ಬ್ರಾಂಚ್‌ನಲ್ಲಿ, ಅಂದರೆ ಇನ್ನೂ ಬೆಳೆಯುತ್ತಿರುವ ಕೋಡ್‌ನಲ್ಲಿ, ವೆಬ್ ವಿಳಾಸವನ್ನು ಪುಟಕ್ಕೆ ಜೋಡಿಸುವ ರೂಟ್ ಫಂಕ್ಷನ್‌ನ ಒಂದು ಆರ್ಗ್ಯುಮೆಂಟ್‌ನ ಹೆಸರನ್ನು 'ಯುಆರ್‌ಎಲ್' ಬದಲು 'ಪಾತ್' ಅಂತ ಮಾಡಿ, ಆ ಸಂಜೆಯೇ ವಿಕಿಯನ್ನೂ ತಿದ್ದಿದೆ. ಡಾಕ್ಸ್ ಹಿಂದೆ ಬೀಳಬಾರದು ಎಂಬ ಕಾಳಜಿಯಿಂದ ಮಾಡಿದ ಕೆಲಸ ಅದು. ಆದರೆ ಹೊಸಬರು ಪಿಪ್ ಇನ್‌ಸ್ಟಾಲ್ ಮಾಡಿದರೆ ಬರುವುದು 0.4, ವಿಕಿ ಹೇಳುವುದು ಇನ್ನೂ ಬಿಡುಗಡೆಯಾಗದ 0.5ರ ಮಾತು. ಮೊದಲ ಉದಾಹರಣೆಯನ್ನು ಕಾಪಿ ಮಾಡಿ ಓಡಿಸಿದರೆ ಟೈಪ್‌ಎರರ್ ಎಂಬ ದೋಷ. ಕಲಿಯಲು ಬಂದವರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ, ನಾಲ್ಕು ಸಲ ನೋಡಿ ಬೇರೆ ಫ್ರೇಮ್‌ವರ್ಕ್‌ಗೆ ಹೋಗುತ್ತಾರೆ, ದೂರನ್ನೂ ಬರೆಯುವುದಿಲ್ಲ. ವಿಕಿಯನ್ನು ಹಳೆಯ ರೂಪಕ್ಕೆ ತಂದರೆ ಮೇನ್ ಬ್ರಾಂಚ್ ಬಳಸುವವರಿಗೆ ಅದು ತಪ್ಪು. ಕೋಡ್‌ಗೆ ಹಲವು ಆವೃತ್ತಿ, ವಿಕಿಗೆ ಒಂದೇ. ಎಷ್ಟು ಶ್ರದ್ಧೆಯಿಂದ ತಿದ್ದಿದರೂ ಎರಡೂ ಹೊಂದುವುದಿಲ್ಲ. ಜೊತೆಗೆ, ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಮನವಿ) ಪರಿಶೀಲಿಸುವಾಗ ವಿಕಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಮೊದಲು ವಿಕಿ ಮುಚ್ಚಿ. ಕೋಡ್ ಇರುವ ರೆಪಾಸಿಟರಿಯಲ್ಲೇ 'ಡಾಕ್ಸ್' ಎಂಬ ಫೋಲ್ಡರ್ ಮಾಡಿ ಎಲ್ಲವನ್ನೂ ಅಲ್ಲಿಗೆ ತನ್ನಿ. 2005ರಲ್ಲಿ ಹೊರಬಂದ ಪೈಥಾನ್ ವೆಬ್ ಫ್ರೇಮ್‌ವರ್ಕ್ ಜಾಂಗೋದ ಡಾಕ್ಸ್ ಇರುವುದು ಹಾಗೆಯೇ. ಅಲ್ಲಿ ಹೊಸ ಸೌಲಭ್ಯ ಸೇರಬೇಕಾದರೆ ಕೋಡ್, ಟೆಸ್ಟ್, ಡಾಕ್ಸ್ ಮೂರೂ ಒಟ್ಟಿಗೆ ಬರಬೇಕು, ಯಾವ ಆವೃತ್ತಿಯಿಂದ ಸಿಗುತ್ತದೆ ಎಂಬ ಗುರುತೂ ಪುಟದಲ್ಲಿರಬೇಕು. ನೀವೂ ಈ ನಿಯಮವನ್ನು ಮೊದಲ ದಿನದಿಂದಲೇ ಹಾಕಿ, ಡಾಕ್ಸ್ ಇಲ್ಲದ ಪುಲ್ ರಿಕ್ವೆಸ್ಟ್ ನಿಮ್ಮದೇ ಆಗಿದ್ದರೂ ಮರ್ಜ್ ಮಾಡಬೇಡಿ (ಕೋಡ್‌ಗೆ ಸೇರಿಸಬೇಡಿ).

ಡಾಕ್ಸ್ ಪ್ರಕಟಿಸುವ ರೀಡ್ ದ ಡಾಕ್ಸ್ ತಾಣದಲ್ಲಿ ಹಾಕುವುದಾದರೆ ಒಂದು ಸೆಟ್ಟಿಂಗ್ ಮರೆಯಬೇಡಿ. ಡೀಫಾಲ್ಟ್ ಆವೃತ್ತಿ 'ಲೇಟೆಸ್ಟ್' ಎಂದಿರುತ್ತದೆ, ಅಂದರೆ ಮೇನ್ ಬ್ರಾಂಚ್. ಅದನ್ನು 'ಸ್ಟೇಬಲ್' (ಬಿಡುಗಡೆಯಾದ ಆವೃತ್ತಿ) ಮಾಡದಿದ್ದರೆ ವಿಕಿಯ ಗುಂಡಿಗೇ ಮತ್ತೆ ಬಿದ್ದಂತೆ. ಡಾಕ್ಸ್ ಕಡತಗಳಿಂದ ಪುಟಗಳನ್ನು ತಯಾರಿಸುವ ಸ್ಫಿಂಕ್ಸ್‌ನ ಬಿಲ್ಡ್‌ಗೆ ಎಚ್ಚರಿಕೆಗಳನ್ನೂ ದೋಷವೆಂದೇ ಎಣಿಸುವ ದೊಡ್ಡಕ್ಷರದ 'ಡಬ್ಲ್ಯೂ' ಆಯ್ಕೆ ಕೊಟ್ಟು ಸಿಐನಲ್ಲಿ (ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಓಡಿಸಿ, ಮುರಿದ ಒಳಕೊಂಡಿಗಳು ಮರ್ಜ್ ಆಗುವ ಮೊದಲೇ ಸಿಕ್ಕಿಬೀಳುತ್ತವೆ. ಹೊರಗಿನ ಕೊಂಡಿಗಳಿಗೆ 'ಲಿಂಕ್‌ಚೆಕ್' ಇದೆ. ಅದನ್ನು ವಾರಕ್ಕೊಮ್ಮೆ ಬೇರೆಯಾಗಿ ಓಡಿಸಿ, ಯಾರದೋ ಸರ್ವರ್ ಮಲಗಿದ್ದಕ್ಕೆ ನಿಮ್ಮ ಮರ್ಜ್ ನಿಲ್ಲಬಾರದು.

ಬರೆಯುವುದನ್ನು ಟ್ಯುಟೋರಿಯಲ್‌ನಿಂದಲೇ ಶುರು ಮಾಡಿ. ಡಾಕ್‌ಸ್ಟ್ರಿಂಗ್‌ಗಳಿಂದ (ಕೋಡ್‌ನೊಳಗೇ ಬರೆದ ವಿವರಣೆಗಳಿಂದ) ತಾನಾಗಿ ತಯಾರಾದ ಎಪಿಐ ಪಟ್ಟಿ ಇದೆ ಎಂದಿದ್ದೀರಿ. ಅದು ಒಳಗೆ ಬಂದವರಿಗೆ ಉಪಯೋಗ, ಬಾಗಿಲಲ್ಲಿ ನಿಂತವರಿಗಲ್ಲ. ಐದು ನಿಮಿಷದೊಳಗೆ ಬ್ರೌಸರ್‌ನಲ್ಲಿ ಏನಾದರೂ ಕಾಣಬೇಕು, ಅರ್ಧ ಗಂಟೆಯಲ್ಲಿ ಫಾರ್ಮ್ ತುಂಬಿದರೆ ಡೇಟಾಬೇಸ್‌ಗೆ ಹೋಗಬೇಕು. "ಹೀಗೂ ಮಾಡಬಹುದು" ಎಂಬ ಸಾಲುಗಳನ್ನೆಲ್ಲ ಟ್ಯುಟೋರಿಯಲ್‌ನಿಂದ ತೆಗೆದು ಬೇರೆ ಪುಟಕ್ಕೆ ಹಾಕಿ. ಟ್ಯುಟೋರಿಯಲ್ ಪರೀಕ್ಷಿಸುವಾಗ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ಉಳಿದ ಪೈಥಾನ್ ಪ್ಯಾಕೇಜ್‌ಗಳಿಂದ ಬೇರೆಯಾದ ಜಾಗ), ಪಿಪ್‌ನಿಂದ ಬಂದ ಪ್ರತಿಯನ್ನೇ ಬಳಸಿ. ನಿಮ್ಮ ಯಂತ್ರದಲ್ಲಿರುವ ಎಡಿಟಬಲ್ ಇನ್‌ಸ್ಟಾಲ್ (ನೀವು ತಿದ್ದುತ್ತಿರುವ ಕೋಡನ್ನೇ ನೇರವಾಗಿ ಓಡಿಸುವುದು) ಎಲ್ಲ ತಪ್ಪನ್ನೂ ಮುಚ್ಚಿಡುತ್ತದೆ. ವಿಂಡೋಸ್‌ನಲ್ಲಿ ಎನ್ವಿರಾನ್‌ಮೆಂಟ್ ಚಾಲೂ ಮಾಡುವ ಕಡತ 'ಸ್ಕ್ರಿಪ್ಟ್ಸ್' ಫೋಲ್ಡರ್‌ನಲ್ಲಿದೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 'ಬಿನ್'ನಲ್ಲಿ. ಎರಡನ್ನೂ ಬರೆಯದಿದ್ದರೆ ಕಾಲೇಜು ಹುಡುಗರಲ್ಲಿ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ.

ಇನ್ನು ಚಾಟ್ ಗ್ರೂಪ್. ಈಗ ಬೇಡ. ಡಾಕ್ಸ್ ಒಂದು ಕೆಲಸ, ಸಮುದಾಯ ಇನ್ನೊಂದು ಎಂದು ನೀವು ಬೇರ್ಪಡಿಸಿದ್ದನ್ನೇ ನಾನು ಒಪ್ಪುವುದಿಲ್ಲ. ಚಾಟ್‌ನಲ್ಲಿ ಕೊಟ್ಟ ಉತ್ತರ ಮೂರು ದಿನಕ್ಕೆ ಮೇಲೆ ಸರಿದುಹೋಗುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ. ಒಂದೇ ಪ್ರಶ್ನೆ ಎರಡನೇ ಸಲ ಬಂದರೆ ಅದಕ್ಕೊಂದು ಪುಟ ಬರೆಯಿರಿ. ಕೇಳಿದವರಿಗೆ ಸಮಯವಿದ್ದರೆ ಅವರಿಂದಲೇ ಬರೆಸಿ, ಅದು ಅವರ ಮೊದಲ ಪುಲ್ ರಿಕ್ವೆಸ್ಟ್ ಆಗಲಿ. ಮಹಿಳೆಯರಿಗೆ ಪ್ರೋಗ್ರಾಮಿಂಗ್ ಕಲಿಸುವ, 2014ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಜಾಂಗೋ ಗರ್ಲ್ಸ್ ಊರೂರಿಗೆ ಹೋಗಲು ಅವರ ಟ್ಯುಟೋರಿಯಲ್ ದೊಡ್ಡ ಆಧಾರ. ಕಮಾಂಡ್ ಲೈನ್ ಅಂದರೇನು ಎಂಬುದನ್ನೂ ಅದು ಹೇಳಿಕೊಡುತ್ತದೆ, ಹಾಗಾಗಿ ಯಾವ ಊರಿನ ಸ್ವಯಂಸೇವಕರಾದರೂ ಅದನ್ನು ಹಿಡಿದು ಕಲಿಸಬಹುದು.

ಹೊಸಬರಿಗೆಂದು ಇಡುವ ಇಶ್ಯೂನಲ್ಲಿ (ಮಾಡಬೇಕಾದ ಕೆಲಸದ ಟಿಪ್ಪಣಿಯಲ್ಲಿ) ಯಾವ ಕಡತ, ಯಾವ ಫಂಕ್ಷನ್, ಯಾವ ಟೆಸ್ಟ್ ಓಡಿಸಬೇಕು ಎಂಬುದಿರಲಿ. "ಡಾಕ್ಸ್ ಸುಧಾರಿಸಿ" ಎಂದಷ್ಟೇ ಬರೆದರೆ ಯಾರೂ ಕೈ ಹಾಕುವುದಿಲ್ಲ. ಮೊದಲ ಪುಲ್ ರಿಕ್ವೆಸ್ಟ್‌ಗೆ ಎರಡು ದಿನದೊಳಗೆ ಮನುಷ್ಯರಿಂದ ಉತ್ತರ ಹೋಗಬೇಕು, ಬಾಟ್‌ನಿಂದಲ್ಲ.

ಕನ್ನಡ ಡಾಕ್ಸ್ ಬಗ್ಗೆಯೂ ಕೇಳಿದ್ದೀರಿ. ಖಂಡಿತ ಮಾಡಿ, ಆದರೆ ಪುಟಗಳನ್ನು ಕಾಪಿ ಮಾಡಿ ಅನುವಾದಿಸಬೇಡಿ. ಸ್ಫಿಂಕ್ಸ್‌ನ ಗೆಟ್‌ಟೆಕ್ಸ್ಟ್ (ಮೂಲದ ಸಾಲುಗಳಿಗೆ ಅನುವಾದವನ್ನು ಬೇರೆ ಕಡತದಲ್ಲಿ ಜೋಡಿಸಿಡುವ ವಿಧಾನ) ದಾರಿಯಲ್ಲಿ ಹೋದರೆ ಮೂಲ ಸಾಲು ಬದಲಾದಾಗ ಅದರ ಅನುವಾದ 'ಫಝಿ' ಎಂದು ಗುರುತಾಗುತ್ತದೆ, ಯಾವುದು ಹಳತಾಯಿತೆಂದು ತಿಳಿಯುತ್ತದೆ. ಎರರ್ ಸಂದೇಶದಲ್ಲಿ ಕಾಣುವ ರೂಟ್, ಟೆಂಪ್ಲೇಟ್, ಮಿಡಲ್‌ವೇರ್ ಮುಂತಾದ ಪದಗಳಿಗೆ ಹೊಸ ಪದ ಕಟ್ಟಬೇಡಿ. ಓದುವವರು ಅವನ್ನೇ ಗೂಗಲ್‌ನಲ್ಲಿ ಹುಡುಕುತ್ತಾರೆ.

ನಿಮ್ಮ ಮುಂದಿನ ಆವೃತ್ತಿ ಬಿಡುವ ಮೊದಲು ಫ್ರೇಮ್‌ವರ್ಕ್ ನೋಡಿರದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ ಟ್ಯುಟೋರಿಯಲ್ ಮಾಡಿಸಿ. ನೀವು ಬಾಯಿ ಬಿಡಬೇಡಿ, ಬರೆದುಕೊಳ್ಳಿ. ಅವರು ಎಲ್ಲಿ ಪುಟವನ್ನು ಮತ್ತೆ ಮೇಲಕ್ಕೆ ಸರಿಸುತ್ತಾರೋ ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ.