ಮೆಣಸಿನ ಚಿಗುರು ಹಳದಿ: ಕೋಕೋಪೀಟ್‌ಗೆ ಸುಣ್ಣ ಬೆರೆಸಿದ್ದೇ ಎಡವಟ್ಟು

ಅರ್ಧ ಕೋಕೋಪೀಟ್, ಅರ್ಧ ಎರೆಗೊಬ್ಬರ, ಗಿಡ ಬೆಳೆಸುವ ಬ್ಯಾಗಿಗೊಂದು ಹಿಡಿ ಸುಣ್ಣ, ಬೋರ್‌ವೆಲ್ ನೀರು, ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ). ಇಷ್ಟೆಲ್ಲ ಕೊಟ್ಟರೂ ಮೆಣಸಿನಕಾಯಿ ಗಿಡದ ಚಿಗುರು ಹಳದಿ, ಸಾರಜನಕ ಸಾಲದಾ ಅಂತ ಕೇಳಿದ್ದೀರಿ.

ಸಾರಜನಕ ಅಲ್ಲ. ಅದು ಕಮ್ಮಿಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕಳಿಸುತ್ತೆ, ಹಾಗಾಗಿ ಮೊದಲು ಹಳದಿಯಾಗೋದು ಕೆಳಗಿನ ಎಲೆ. ನಿಮ್ಮ ಫೋಟೋದಲ್ಲಿ ಕೆಳಗೆಲ್ಲ ಹಸಿರು. ತುದಿ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದು, ನಡುವಿನ ಜಾಗ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಇದು ಕಬ್ಬಿಣದ ಕೊರತೆ. ಕಬ್ಬಿಣ ಬ್ಯಾಗಲ್ಲೇ ಇದೆ, ಆದರೆ ಪಿಎಚ್ (ಹುಳಿ-ಕ್ಷಾರದ ಅಳತೆ, ಸುಣ್ಣ ಇದನ್ನು ಏರಿಸುತ್ತೆ) 7 ದಾಟಿದ ಮೇಲೆ ಕರಗಿ ಬೇರಿಗೆ ಸಿಗೋದು ತೀರಾ ಕಮ್ಮಿ.

ಸುಣ್ಣದ ಸಲಹೆ ನಿಜವಾದ ಪೀಟ್ ಮಾಸ್‌ಗೆ ಹೇಳಿದ್ದು. ಯುರೋಪ್, ಕೆನಡಾದ ಜೌಗಿನಲ್ಲಿ ಪಾಚಿ ಸಾವಿರಾರು ವರ್ಷ ಅರೆಬರೆ ಕೊಳೆತು ಆಗುವ ವಸ್ತು ಅದು. ಪಿಎಚ್ 3.5–4.5, ಪೋಷಕಾಂಶ ಹೆಚ್ಚುಕಮ್ಮಿ ಸೊನ್ನೆ. ಅದಕ್ಕೆ ಲೀಟರಿಗೆ 3ರಿಂದ 6 ಗ್ರಾಂ ಡಾಲೊಮೈಟ್ ಸುಣ್ಣ ಹಾಕಲೇಬೇಕು. ನಮ್ಮ ಕೋಕೋಪೀಟ್ ತೆಂಗಿನ ಸಿಪ್ಪೆಯ ಪುಡಿ, ಹೆಸರಲ್ಲಷ್ಟೇ ಪೀಟ್. ಸಾಮಾನ್ಯವಾಗಿ 5.5–6.5ರಲ್ಲೇ ಇರುತ್ತೆ. ಎರೆಗೊಬ್ಬರ 7ರ ಆಸುಪಾಸು, ಗಡಸು ಬೋರ್ ನೀರಿನ ಬೈಕಾರ್ಬೊನೇಟ್ ದಿನಾ ಇನ್ನಷ್ಟು ಏರಿಸುತ್ತೆ. ಮೇಲಿಂದ ಸುಣ್ಣ ಬೇರೆ!

ಊಹೆ ಬೇಡ, ಅಳೆದು ನೋಡಿ. ಬ್ಯಾಗಿನ ಮಧ್ಯದಿಂದ ಒಂದು ಲೋಟ ಮಿಶ್ರಣ ತೆಗೆದು ಎರಡು ಲೋಟ ಆರ್‌ಒ ನೀರಲ್ಲಿ ಕಲಕಿ, ಅರ್ಧ ಗಂಟೆ ಬಿಟ್ಟು ಸೋಸಿ ಮೀಟರ್ ಇಡಿ. ಪಿಎಚ್ 5.5–6.5 ಬರಬೇಕು. ಇಸಿ (ಉಪ್ಪಿನಂಶದ ಅಳತೆ, mS/cm) ಸಸಿಗೆ 0.75ರೊಳಗೆ, ಬೆಳೆದ ಗಿಡಕ್ಕೆ 1.25ರವರೆಗೆ ಸರಿ. ಬ್ಯಾಗ್ ಸದಾ ತೊಪ್ಪೆಯಾಗಿದ್ದರೂ ಇದೇ ಹಳದಿ ಬರುತ್ತೆ, ಎತ್ತಿ ತೂಕ ನೋಡಿ.

ಸದ್ಯಕ್ಕೆ ಇಡಿಡಿಎಚ್‌ಎ ಕಬ್ಬಿಣ (ಪಿಎಚ್ ಏರಿದರೂ ಕರಗಿಯೇ ಇರುವ ಚೀಲೇಟ್ ರೂಪ) ಲೀಟರಿಗೆ ಅರ್ಧ ಗ್ರಾಂ ಕರಗಿಸಿ ಬ್ಯಾಗಿಗೆ ಅರ್ಧ ಲೀಟರ್ ಹುಯ್ಯಿರಿ. ಅಗ್ಗದ ಇಡಿಟಿಎ ಕಬ್ಬಿಣ ಈ ಪಿಎಚ್‌ನಲ್ಲಿ ನಿಲ್ಲಲ್ಲ, ದುಡ್ಡು ದಂಡ. ಇಡಿಡಿಎಚ್‌ಎ ಸಿಗದಿದ್ದರೆ ಫೆರಸ್ ಸಲ್ಫೇಟ್ 2 ಗ್ರಾಂ, ಸಿಟ್ರಿಕ್ ಆಸಿಡ್ 1 ಗ್ರಾಂ ಒಂದು ಲೀಟರಿಗೆ ಹಾಕಿ ಸಂಜೆ ಎಲೆಗೆ ಸಿಂಪಡಿಸಿ. ಆ ದಿನವೇ ಕಲಸಿ. ತಿಳಿಹಸಿರು ನೀರು ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿಬಿಡಿ. ಹಳದಿ ಎಲೆಗಿಂತ ಹೊಸ ಚಿಗುರಿನ ಬಣ್ಣ ಗಮನಿಸಿ.

ಸುಣ್ಣ ತೊಳೆದರೆ ಹೋಗಲ್ಲ. ಗಿಡ ಇನ್ನೂ ಚಿಕ್ಕದು, ಹೊಸ ಮಿಶ್ರಣಕ್ಕೆ ಬದಲಿಸೋದೇ ವಾಸಿ. 5 ಕೆಜಿ ಕೋಕೋಪೀಟ್ ಇಟ್ಟಿಗೆ ನೆನೆಸಿ, ಎರಡು ಮೂರು ಸಲ ತೊಳೆದು ಹಿಂಡಿ. ಆಮೇಲೆ 20 ಲೀಟರ್ ನೀರಲ್ಲಿ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಒಂದು ದಿನ ನೆನೆಸಿಟ್ಟು ಮತ್ತೊಮ್ಮೆ ತೊಳೆಯಿರಿ. ನಾರು ಹಿಡಿದಿಟ್ಟುಕೊಂಡ ಸೋಡಿಯಂ, ಪೊಟ್ಯಾಷ್ ಬಿಡೋದು ಆಗಲೇ. ಇಲ್ಲದಿದ್ದರೆ ಮುಂದೆ ನೀವು ಕೊಡುವ ಕ್ಯಾಲ್ಸಿಯಂ ಅನ್ನು ಗಿಡಕ್ಕಿಂತ ಮೊದಲು ನಾರೇ ನುಂಗುತ್ತೆ. ಮೂರು ಪಾಲು ಕೋಕೋಪೀಟ್‌ಗೆ ಒಂದೇ ಪಾಲು ಎರೆಗೊಬ್ಬರ ಸಾಕು. ಅರ್ಧಕ್ಕರ್ಧ ಹಾಕಿದರೆ ಉಪ್ಪಿನಂಶ ಏರುತ್ತೆ, ಗಾಳಿಯಾಡದೆ ಕೆಳಗೆ ಕೂರುತ್ತೆ.

ಎರೆಗೊಬ್ಬರದ ಸಾರಜನಕ ಬಹುಪಾಲು ಸಾವಯವ ರೂಪದಲ್ಲಿರೋದರಿಂದ ನಿಧಾನಕ್ಕೆ ಸಿಗೋದು. ಅದಕ್ಕೇ 19:19:19 ಬಿಡಬೇಡಿ, ಲೀಟರಿಗೆ 1 ಗ್ರಾಂ. ಒಂದು ವಾರ ಅದು, ಇನ್ನೊಂದು ವಾರ ಕ್ಯಾಲ್ಸಿಯಂ ನೈಟ್ರೇಟ್ 1 ಗ್ರಾಂ. ಎರಡನ್ನೂ ಗಟ್ಟಿಯಾಗಿ ಒಂದೇ ಡಬ್ಬಿಯಲ್ಲಿ ಕಲಸಿಡಬೇಡಿ: ತಳದಲ್ಲಿ ಕೂರುವ ಬಿಳಿ ಗಸಿ ಗಿಡಕ್ಕೆ ಹೋಗಬೇಕಿದ್ದ ರಂಜಕವೇ.