ಬೀಟ್‌ರೂಟ್ ಕೆಂಪಗಿದೆ ಅಂದಮಾತ್ರಕ್ಕೆ ರಕ್ತ ಹೆಚ್ಚುತ್ತಾ?

ಪ್ರಶ್ನೆ: ನನ್ನ 14 ವರ್ಷದ ಮಗಳಿಗೆ ಹಿಮೋಗ್ಲೋಬಿನ್ 9.8 ಇದೆ. ರಕ್ತ ಆಗುತ್ತೆ ಅಂತ ನಮ್ಮತ್ತೆ ದಿನಾ ಬೀಟ್‌ರೂಟ್ ಜ್ಯೂಸ್ ಕೊಡುತ್ತಿದ್ದಾರೆ. ಮೊನ್ನೆ ಮೂತ್ರ ಗುಲಾಬಿ ಬಣ್ಣಕ್ಕೆ ಬಂತು, ಮನೆಯವರೆಲ್ಲ ಗಾಬರಿಯಾದೆವು. ನಿಲ್ಲಿಸಬೇಕಾ? ಬಣ್ಣ ಬಣ್ಣದ ತರಕಾರಿ ಒಳ್ಳೆಯದು ಅಂತಾರಲ್ಲ?

ಉತ್ತರ: ಮೊದಲು ಮೂತ್ರದ ವಿಷಯ. ಅದು ಬೀಟ್‌ರೂಟಿನ ಬಣ್ಣವೇ ಇರಬೇಕು. ಎಲ್ಲರಿಗೂ ಹಾಗಾಗುವುದಿಲ್ಲ, ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಸ್ವಲ್ಪ ಜಾಸ್ತಿ. ಎರಡು ದಿನ ಜ್ಯೂಸ್ ಬಿಟ್ಟು ನೋಡಿ. ಆಮೇಲೂ ಹಾಗೇ ಇದ್ದರೆ ಮಾತ್ರ ಮೂತ್ರ ಪರೀಕ್ಷೆ ಮಾಡಿಸಿ.

ಇನ್ನು ರಕ್ತ. ಬೀಟ್‌ರೂಟ್ ಕೆಂಪಗಿರುವುದು ಬೀಟಲೈನ್ ಅನ್ನುವ ಬಣ್ಣದಿಂದ, ಕಬ್ಬಿಣದಿಂದ ಅಲ್ಲ. 100 ಗ್ರಾಂನಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ಹಾಗಂತ ಅತ್ತೆಯವರ ಜೊತೆ ಜಗಳಕ್ಕೆ ನಿಲ್ಲಬೇಡಿ! ರಕ್ತ ತಯಾರಾಗಲು ಬೇಕಾದ ಫೋಲೇಟ್ ಅದರಲ್ಲಿ ಚೆನ್ನಾಗಿಯೇ ಇದೆ. ವಾರಕ್ಕೆರಡು ಸಲ ಪಲ್ಯ ಮಾಡಿ, ಸಾಕು.

ಕಬ್ಬಿಣ ಬೇಕಾದರೆ ನೋಡಲು ಅಷ್ಟೇನೂ ಚೆಂದವಿಲ್ಲದ ಹುರುಳಿಕಾಳು, ರಾಗಿ, ಎಳ್ಳಿನ ಕಡೆ ಹೋಗಿ. ಹರಿವೆ, ದಂಟು, ನುಗ್ಗೆ ಸೊಪ್ಪೂ ಬೇಕು. ಬಸ್ಸಾರು ಮಾಡುವ ಮನೆಯಾದರೆ ಸೊಪ್ಪು ಬೇಯಿಸಿದ ನೀರೂ ಹಾಳಾಗುವುದಿಲ್ಲ. ತಟ್ಟೆಗೆ ಬಂದ ಮೇಲೆ ನಿಂಬೆಹಣ್ಣು ಹಿಂಡಿ, ಇಲ್ಲವೇ ಸೀಬೆಹಣ್ಣು ಕೊಡಿ, ವಿಟಮಿನ್ ಸಿ ಜೊತೆಗಿದ್ದರೆ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆ ಟೀ ಬೇಡವೇ ಬೇಡ, ಒಂದು ಗಂಟೆಯಾದರೂ ಬಿಡಿ.

ಬಣ್ಣದ ಮಾತು ಸುಳ್ಳಲ್ಲ, ಆದರೆ ಒಂದೊಂದು ಬಣ್ಣದ ಕೆಲಸ ಬೇರೆ. ಕ್ಯಾರೆಟ್, ಸಿಹಿಕುಂಬಳ, ಪಪ್ಪಾಯಿಯ ಹಳದಿ-ಕೇಸರಿ ಬಣ್ಣ ಮೈಯಲ್ಲಿ ವಿಟಮಿನ್ ಎ ಆಗುತ್ತದೆ. ಅದಕ್ಕೆ ಸ್ವಲ್ಪ ಎಣ್ಣೆಯೋ ತುಪ್ಪವೋ ಬೇಕು, ಹಾಗಾಗಿ ಒಗ್ಗರಣೆ ಹಾಕಿದ ಕ್ಯಾರೆಟ್ ಕೋಸಂಬರಿ ಬರೀ ಜ್ಯೂಸಿಗಿಂತ ಮೇಲು. ಟೊಮೆಟೊದ ಕೆಂಪು ಬೇಯಿಸಿದಾಗಲೇ ಜಾಸ್ತಿ ಸಿಗುತ್ತದೆ, ಅಂದರೆ ನಿಮ್ಮ ಸಾರೇ ಸಾಕು. ನೀಲಿ-ನೇರಳೆಗೆ ದುಬಾರಿ ಬ್ಲೂಬೆರಿ ಯಾಕೆ, ನೇರಳೆ ಹಣ್ಣಿದೆಯಲ್ಲ? ಬದನೆಕಾಯಿ ಸಿಪ್ಪೆ ಮಾತ್ರ ತೆಗೆಯಬೇಡಿ.

ಆದರೆ ಒಂದು ಮಾತು. ಈ ವಯಸ್ಸಿಗೆ 12ಕ್ಕಿಂತ ಕಡಿಮೆಯಾದರೇ ರಕ್ತಹೀನತೆ, 9.8 ಅನ್ನು ಬರೀ ಊಟದಿಂದ ಮೇಲೆತ್ತುವುದು ಕಷ್ಟ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ನೀಲಿ ಮಾತ್ರೆ ರಕ್ತಹೀನತೆ ತಡೆಗಟ್ಟಲು ಮಾತ್ರ. ಈಗ ಡಾಕ್ಟರಿಗೆ ತೋರಿಸಿ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಮುಚ್ಚಿಡದೆ ಹೇಳಿ, ಜಂತುಹುಳುವಿನ ಬಗ್ಗೆಯೂ ಕೇಳಿ. ಹಾಂ, ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಮಲ ಕಪ್ಪಗಾಗಬಹುದು, ಆಗ ಮತ್ತೆ ಎಲ್ಲರೂ ಗಾಬರಿಯಾಗಬೇಡಿ.